ಮಕ್ಕಳಿಗೆ ಅಡುಗೆ ತರಗತಿಯೋ, ಕರಕುಶಲ ಶಿಬಿರವೋ: ಪೋಷಕರಿಗೊಂದು ಹೋಲಿಕೆಯ ಮಾರ್ಗದರ್ಶಿ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಸಿಗುತ್ತದೆ. ಮೇ ತಿಂಗಳ ಕೊನೆಯವರೆಗೆ ಮಕ್ಕಳು ಮನೆಯಲ್ಲಿರುತ್ತಾರೆ. ಈ ಆರೇಳು ವಾರಗಳಿಗೆಂದೇ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಬಡಾವಣೆಗಳಲ್ಲಿ ಬೇಸಿಗೆ ಶಿಬಿರಗಳು ಹುಟ್ಟಿಕೊಳ್ಳುತ್ತವೆ. ಅವುಗಳ ಕರಪತ್ರಗಳಲ್ಲಿ ಈಗ ಚಿತ್ರಕಲೆ, ಈಜು, ಚೆಸ್‌ಗಳ ಜೊತೆಗೆ ಬೆಂಕಿಯಿಲ್ಲದ ಅಡುಗೆ, ಬೇಕಿಂಗ್, ಜೇಡಿಮಣ್ಣಿನ ಕೆಲಸ, ಕಸೂತಿ, ಕಾಗದದ ಕರಕುಶಲಗಳೂ ಸೇರಿಕೊಂಡಿವೆ. ರಜೆ ಮುಗಿದ ಮೇಲೂ ವಾರಾಂತ್ಯದ ತರಗತಿಗಳು, ಗಣೇಶ ಚತುರ್ಥಿಗೆ ಮುಂಚಿನ ಮಣ್ಣಿನ ಗಣಪನ ಕಾರ್ಯಾಗಾರಗಳು, ಡಿಸೆಂಬರ್ ತಿಂಗಳ ಕೇಕ್ ತರಗತಿಗಳು ಒಂದಾದ ಮೇಲೊಂದು ನಡೆಯುತ್ತಲೇ ಇರುತ್ತವೆ. ಇವುಗಳ ಶುಲ್ಕದಲ್ಲಿ ಅಜಗಜಾಂತರವಿದೆ, ಕರಪತ್ರಗಳ ಭಾಷೆ ಮಾತ್ರ ಎಲ್ಲ ಕಡೆಯೂ ಒಂದೇ ಆಗಿರುವುದರಿಂದ, ಯಾವುದು ತಮ್ಮ ಮಗುವಿಗೆ ಹೊಂದುತ್ತದೆ ಎಂದು ನಿರ್ಧರಿಸುವುದು ತಂದೆತಾಯಿಗಳಿಗೆ ನಿಜಕ್ಕೂ ಕಷ್ಟವಾಗುತ್ತದೆ.

ಈ ಹೋಲಿಕೆಗೆ ನಾನು ಒಂದೇ ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ: ಕೆಲಸದ ಮೊದಲಿನಿಂದ ಕೊನೆಯವರೆಗೆ ಎಷ್ಟು ಪಾಲು ಮಗುವಿನ ಕೈಯಿಂದಲೇ ಆಗುತ್ತದೆ? ಮಗು ಮನೆಗೆ ತರುವ ವಸ್ತು ಎಷ್ಟು ಚೆಂದವಾಗಿದೆ, ಕೊಠಡಿಗೆ ಎಸಿ ಇದೆಯೇ, ಕೊನೆಯ ದಿನ ಪ್ರಮಾಣಪತ್ರ ಕೊಡುತ್ತಾರೆಯೇ ಎಂಬುದೆಲ್ಲ ಆಮೇಲಿನ ಮಾತು. ಎಷ್ಟೋ ತರಗತಿಗಳಲ್ಲಿ ಅಳೆಯುವುದು, ಕಲಸುವುದು, ಕತ್ತರಿಸುವುದನ್ನು ಶಿಕ್ಷಕರೇ ಮೊದಲು ಮುಗಿಸಿಟ್ಟು, ಮೇಲಿನ ಅಲಂಕಾರವನ್ನು ಮಾತ್ರ ಮಕ್ಕಳಿಗೆ ಬಿಡುತ್ತಾರೆ. ಬೇಯಿಸಿಟ್ಟ ಕಪ್‌ಕೇಕಿನ ಮೇಲೆ ಕ್ರೀಮ್ ಹಿಂಡಿದ ಮಗು ಖುಷಿಯಿಂದಲೇ ಮನೆಗೆ ಬರುತ್ತದೆ, ಆದರೆ ಅದು ಕೇಕ್ ಮಾಡಲು ಕಲಿತಿರುವುದಿಲ್ಲ. ಖುಷಿಗಾಗಿ ಒಂದು ಮಧ್ಯಾಹ್ನ ಕಳೆಯುವುದರಲ್ಲಿ ತಪ್ಪೇನಿಲ್ಲ. ಕಲಿಕೆಯ ಶುಲ್ಕ ಕೊಟ್ಟು ಅಲಂಕಾರವನ್ನಷ್ಟೇ ಪಡೆಯಬಾರದು.

ಅಡುಗೆಗೂ ಕರಕುಶಲಕ್ಕೂ ಇರುವ ವ್ಯತ್ಯಾಸ

ಕರಪತ್ರಗಳಲ್ಲಿ ಇವೆರಡನ್ನೂ ಒಟ್ಟಿಗೆ ಸೇರಿಸಿ ಬರೆಯುತ್ತಾರಾದರೂ ಮಗುವಿನ ಮನಸ್ಸಿನ ಮೇಲೆ ಇವು ಮಾಡುವ ಕೆಲಸ ಬೇರೆ ಬೇರೆ. ಅಡುಗೆಯಲ್ಲಿ ಫಲ ಬೇಗ ಸಿಗುತ್ತದೆ, ತಪ್ಪೂ ಬೇಗ ನಾಲಿಗೆಗೆ ಗೊತ್ತಾಗುತ್ತದೆ, ಆದರೆ ಆದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಉಪ್ಪು ಹೆಚ್ಚಾದರೆ ಹೆಚ್ಚಾದದ್ದೇ. ಮಣ್ಣು, ನೂಲು, ಕಾಗದಗಳ ಕೆಲಸ ಹಾಗಲ್ಲ. ವಕ್ರವಾದ ಹೊಲಿಗೆಯನ್ನು ಬಿಚ್ಚಬಹುದು, ಸೊಟ್ಟಗಾದ ಕುಡಿಕೆಯನ್ನು ಮತ್ತೆ ಮುದ್ದೆ ಮಾಡಿ ಮೊದಲಿನಿಂದ ಶುರುಮಾಡಬಹುದು. ಆದರೆ ಫಲಕ್ಕಾಗಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಆದ್ದರಿಂದ ಒಂದು ಕಡೆ ಐದು ನಿಮಿಷ ಕೂರದ, ಬೇಗ ಬೇಸರಪಡುವ ಮಗುವಿಗೆ ಮೊದಲು ಅಡುಗೆ ಹಿಡಿಸುವ ಸಾಧ್ಯತೆ ಹೆಚ್ಚು. ಸಣ್ಣ ತಪ್ಪಿಗೂ ಕಣ್ಣೀರು ಹಾಕುವ, ಎಲ್ಲವೂ ಸರಿಯಾಗಿಯೇ ಬರಬೇಕೆಂದು ಹಟ ಹಿಡಿಯುವ ಮಗುವಿಗೆ ಜೇಡಿಮಣ್ಣಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಅಭ್ಯಾಸ ಮುಂದುವರಿಸುವ ವಿಷಯದಲ್ಲಿ ಅಡುಗೆಗೆ ದೊಡ್ಡ ಅನುಕೂಲವಿದೆ. ಶನಿವಾರ ತರಗತಿಯಲ್ಲಿ ಕಲಿತದ್ದನ್ನು ಭಾನುವಾರ ಬೆಳಿಗ್ಗೆ ನಮ್ಮದೇ ಅಡುಗೆಮನೆಯಲ್ಲಿ, ಮನೆಯಲ್ಲಿರುವ ಸಾಮಾನಿನಿಂದಲೇ ಮತ್ತೆ ಮಾಡಬಹುದು. ತರಕಾರಿ ಎಂದರೆ ಮುಖ ತಿರುಗಿಸುವ ಮಕ್ಕಳು ತಾವೇ ತೊಳೆದು ಹೆಚ್ಚಿದ್ದನ್ನು ಒಂದು ತುತ್ತಾದರೂ ರುಚಿ ನೋಡಲು ಒಪ್ಪುವುದನ್ನು ಅನೇಕ ಮನೆಗಳು ಕಂಡಿವೆ. ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು: ಅಡುಗೆ ತರಗತಿಗೆ ಹೆಣ್ಣುಮಕ್ಕಳನ್ನೂ ರೊಬೊಟಿಕ್ಸ್ ತರಗತಿಗೆ ಗಂಡುಮಕ್ಕಳನ್ನೂ ಕಳಿಸುವ ರೂಢಿ ವಿದ್ಯಾವಂತರ ಮನೆಗಳಲ್ಲೂ ಉಳಿದುಕೊಂಡಿದೆ. ಹತ್ತು ವರ್ಷದ ಹುಡುಗ ಅನ್ನಕ್ಕೆ ನೀರು ಎಷ್ಟಿಡಬೇಕೆಂದು ತಿಳಿದಿರುವುದು ಅವನಿಗೆ ಜೀವನದುದ್ದಕ್ಕೂ ಬರುವ ವಿದ್ಯೆ. ಮಗ, ಮಗಳು ಇಬ್ಬರೂ ಇರುವ ಮನೆಯವರು ಇಬ್ಬರನ್ನೂ ಒಂದೇ ತರಗತಿಗೆ ಸೇರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಅಡುಗೆ ತರಗತಿಗಳನ್ನು ಹೋಲಿಸುವಾಗ

ಮಕ್ಕಳ ಅಡುಗೆ ತರಗತಿಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಒಲೆ ಹಚ್ಚದೆ ಮಾಡುವ ಅಡುಗೆ, ಓವನ್ ಬಳಸುವ ಬೇಕಿಂಗ್, ಮತ್ತು ದೊಡ್ಡವರ ಜೊತೆ ಒಲೆಯ ಮುಂದೆ ನಿಂತು ಮಾಡುವ ದಿನನಿತ್ಯದ ಅಡುಗೆ. ಮೊದಲನೆಯದು ಸುಲಭ, ಅಗ್ಗ ಮತ್ತು ಸುರಕ್ಷಿತ. ಹಾಗಾಗಿಯೇ ಎಲ್ಲ ಶಿಬಿರಗಳಲ್ಲೂ ಇರುತ್ತದೆ. ಆದರೆ ಅದರ ಗುಣಮಟ್ಟ ಏರುಪೇರಾಗುವಷ್ಟು ಬೇರಾವುದರದ್ದೂ ಆಗುವುದಿಲ್ಲ. ಅಂಗಡಿಯ ಬಿಸ್ಕತ್ತನ್ನು ಪುಡಿಮಾಡಿ, ಡಬ್ಬಿಯ ಸಿಹಿ ಹಾಲು ಸುರಿದು ಉಂಡೆ ಕಟ್ಟಿಸಿ, ಮೇಲೆ ಬಣ್ಣದ ಸಕ್ಕರೆಕಾಳು ಉದುರಿಸಿದರೂ ಅದು ಬೆಂಕಿಯಿಲ್ಲದ ಅಡುಗೆಯೇ. ಕೋಸಂಬರಿಯೂ ಅದೇ ಸಾಲಿಗೆ ಸೇರುತ್ತದೆ.

ಕೋಸಂಬರಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಹೆಸರುಬೇಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಅರ್ಧದಿಂದ ಒಂದು ಗಂಟೆ ನೆನೆಹಾಕಬೇಕು. ಉಗುರಿನಲ್ಲಿ ಒತ್ತಿದರೆ ಮುರಿಯುವ ಹದಕ್ಕೆ ಬಂದಿದೆಯೇ ಎಂದು ನೋಡಬೇಕು. ನೀರನ್ನು ಪೂರ್ತಿ ಬಸಿಯಬೇಕು. ಸೌತೆಕಾಯಿಯ ತುದಿ ಕತ್ತರಿಸಿ, ಕಹಿಯಿದೆಯೇ ಎಂದು ರುಚಿ ನೋಡಿ, ಸಣ್ಣಗೆ ಹೆಚ್ಚಬೇಕು. ಕಾಯಿತುರಿ, ಕೊತ್ತಂಬರಿ ಸೊಪ್ಪು ಬೆರೆಸಿ ನಿಂಬೆಹಣ್ಣು ಹಿಂಡಬೇಕು. ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ತೆಳ್ಳಗಾಗುತ್ತದೆ. ಇದರಲ್ಲಿ ತೆಂಗಿನಕಾಯಿ ತುರಿಯುವುದನ್ನೂ ಬೇಕಿದ್ದರೆ ಹಾಕುವ ಸಾಸಿವೆಯ ಒಗ್ಗರಣೆಯನ್ನೂ ಬಿಟ್ಟರೆ ಮಿಕ್ಕಿದ್ದೆಲ್ಲ ಎಂಟು ವರ್ಷದ ಮಗುವಿನ ಕೈಗೆ ಎಟುಕುವ ಕೆಲಸ. ಕಾಳು ನೆನೆಯಲು ಸಮಯ ಬೇಕೆಂಬುದು, ಉಪ್ಪು ನೀರನ್ನು ಹೊರಕ್ಕೆಳೆಯುತ್ತದೆಂಬುದು, ಹದವನ್ನು ಕೈಯಿಂದ ಮುಟ್ಟಿ ತಿಳಿಯಬೇಕೆಂಬುದು ಪಾಠ ಹೇಳದೆಯೇ ಮಗುವಿಗೆ ತಿಳಿಯುತ್ತದೆ. ಆದ್ದರಿಂದ ತರಗತಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಏನೇನು ತಿಂಡಿ ಮಾಡಿಸುತ್ತೀರಿ ಎಂಬುದಕ್ಕಿಂತ, ಬೇಳೆ ನೆನೆಹಾಕುವುದು ಯಾರು, ತರಕಾರಿ ಹೆಚ್ಚುವುದು ಯಾರು, ಪಾತ್ರೆ ತೊಳೆಯುವುದು ಯಾರು ಎಂಬುದಾಗಿರಲಿ. ಪಾತ್ರೆ ತೊಳೆಯುವುದನ್ನೂ ಮೇಜು ಒರೆಸುವುದನ್ನೂ ಮಕ್ಕಳಿಂದ ಮಾಡಿಸುವ ತರಗತಿಯನ್ನು ನಾನು ಕಣ್ಣುಮುಚ್ಚಿ ಮೇಲಿನ ಸ್ಥಾನದಲ್ಲಿ ಇಡುತ್ತೇನೆ.

ಬೇಕಿಂಗ್ ತರಗತಿಗಳ ಒಳ್ಳೆಯ ಗುಣವೆಂದರೆ ಅಳತೆಯ ಶಿಸ್ತು. ಗ್ರಾಂ ಲೆಕ್ಕದಲ್ಲಿ ತೂಗುವುದು, ಚಮಚವನ್ನು ಮಟ್ಟಸ ಮಾಡುವುದು, ಓವನ್ ಮೊದಲೇ ಕಾಯಿಸಿಟ್ಟುಕೊಳ್ಳುವುದು, ನಡುವೆ ಬಾಗಿಲು ತೆರೆಯದೆ ಕಾಯುವುದು ಇವೆಲ್ಲ ಐದನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಗಣಿತ ಮತ್ತು ವಿಜ್ಞಾನಗಳನ್ನು ಕೈಯಲ್ಲಿ ಹಿಡಿಸಿದ ಹಾಗೆ. ಕೊರತೆಯೆಂದರೆ ಓವನ್ ಸಾಮಾನ್ಯವಾಗಿ ಒಂದೇ ಇರುತ್ತದೆ, ಮಕ್ಕಳು ಹದಿನೈದು ಇಪ್ಪತ್ತು ಮಂದಿ ಇರುತ್ತಾರೆ. ಒಂದು ಬಟ್ಟಲ ಸುತ್ತ ಎಂಟು ಮಕ್ಕಳು ನಿಂತರೆ ಎರಡು ಗಂಟೆಯ ತರಗತಿಯಲ್ಲಿ ಒಬ್ಬೊಬ್ಬರ ಕೈಗೆ ಸೌಟು ಸಿಗುವುದು ಹತ್ತು ನಿಮಿಷವೂ ಇರಲಾರದು. ಮನೆಯಲ್ಲಿ ಓವನ್ ಇಲ್ಲದವರು ಕಲಿತದ್ದನ್ನು ಮತ್ತೆ ಮಾಡುವ ದಾರಿ ಏನೆಂದೂ ಯೋಚಿಸಬೇಕು. ಮೊಟ್ಟೆ ಬಳಸುತ್ತಾರೆಯೇ, ಜೆಲ್ಲಿ ಮತ್ತು ಮಾರ್ಷ್‌ಮೆಲೊಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇದೆಯೇ ಎಂಬುದನ್ನು ಸಸ್ಯಾಹಾರದ ಮನೆಯವರು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ದಿನನಿತ್ಯದ ಅಡುಗೆಯನ್ನು ಕಲಿಸುವ ತರಗತಿಗಳು ಕಡಿಮೆ, ಏಕೆಂದರೆ ಚಪಾತಿ ಹಿಟ್ಟು ನಾದುವುದು ಕರಪತ್ರದ ಚಿತ್ರದಲ್ಲಿ ಆಕರ್ಷಕವಾಗಿ ಕಾಣುವುದಿಲ್ಲ. ಸಿಕ್ಕರೆ ಬಿಡಬೇಡಿ. ಹಿಟ್ಟಿಗೆ ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಬೆರಳಿಗೆ ಅಂಟುವುದು ನಿಲ್ಲುವವರೆಗೆ ಅಂಗೈಯ ಬುಡದಿಂದ ಒತ್ತಿ ನಾದಿ, ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಆಮೇಲೆ ಲಟ್ಟಿಸುವಾಗ ಹಿಟ್ಟು ಹಿಂದಕ್ಕೆ ಜಗ್ಗುವುದು ಕಡಿಮೆಯಾಗಿದೆ ಎಂದು ಕಂಡುಕೊಂಡ ಮಗುವಿಗೆ ಬೇರೆ ಯಾವ ಹಿಟ್ಟಿನ ಕೆಲಸವೂ ಹೊಸದಾಗಿ ಕಾಣುವುದಿಲ್ಲ.

ಕರಕುಶಲದಲ್ಲಿ ಯಾವುದು

ಇಲ್ಲಿ ಆಯ್ಕೆ ಹೆಚ್ಚು, ಮೋಸಹೋಗುವ ಸಾಧ್ಯತೆಯೂ ಹೆಚ್ಚು. ಹಿಟ್ಟಿನಂತೆ ಮೆತ್ತಗಿರುವ ಬಣ್ಣದ ಕೃತಕ ಜೇಡಿಯಿಂದ ಗೊಂಬೆ ಮಾಡಿಸುವುದೂ, ಕುಂಬಾರಿಕೆಯ ಮಣ್ಣಿನಿಂದ ಮಡಕೆ ಮಾಡಿಸುವುದೂ ಕರಪತ್ರದಲ್ಲಿ ‘ಕ್ಲೇ’ ಎಂದೇ ಬರೆದಿರುತ್ತದೆ. ಇವೆರಡರ ನಡುವೆ ಅಜ್ಜನ ಮನೆಯ ಹೊಲಕ್ಕೂ ಕಿಟಕಿಯ ಕುಂಡಕ್ಕೂ ಇರುವಷ್ಟು ವ್ಯತ್ಯಾಸವಿದೆ.

ನಿಜವಾದ ಮಣ್ಣಿನ ತರಗತಿಯಲ್ಲಿ ಮಗು ಮೊದಲು ಮಣ್ಣನ್ನು ಮಿದಿಯುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೋಗಿ ಮಣ್ಣು ಒಂದೇ ಹದಕ್ಕೆ ಬರಲಿ ಎಂದು ಆ ಕೆಲಸ. ಕುಂಬಾರನ ಚಕ್ರವಾದ ತಿಗರಿಯ ಮೇಲೆ ಮಣ್ಣನ್ನು ನಡುವಿಗೆ ನಿಲ್ಲಿಸುವುದಕ್ಕೆ ಸಣ್ಣ ಮಕ್ಕಳ ತೋಳಿನಲ್ಲಿ ಬಲವಿರುವುದಿಲ್ಲವಾದ್ದರಿಂದ ಒಳ್ಳೆಯ ಶಿಕ್ಷಕರು ಮೊದಲು ಬೆರಳಲ್ಲಿ ಚಿವುಟಿ ಕುಡಿಕೆ ಮಾಡುವುದನ್ನೂ, ಮಣ್ಣಿನ ಬತ್ತಿ ಹೊಸೆದು ಸುತ್ತಿ ಸುತ್ತಿ ಪಾತ್ರೆ ಎಬ್ಬಿಸುವುದನ್ನೂ ಕಲಿಸುತ್ತಾರೆ. ಒಂದು ಬತ್ತಿಗೆ ಇನ್ನೊಂದು ಕೂಡಬೇಕಾದರೆ ಎರಡೂ ಕಡೆ ಗೀರು ಹಾಕಿ, ನೀರಾದ ಮಣ್ಣನ್ನು ಸವರಿ ಒತ್ತಬೇಕು. ಹಾಗೆ ಮಾಡದಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ. ಮಾಡಿದ್ದನ್ನು ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು, ಪೂರ್ತಿ ಒಣಗದೆ, ಮಡಕೆ ಸುಡುವ ಗೂಡಾದ ಆವಿಗೆಯಲ್ಲಿ ಇಟ್ಟರೆ ಒಳಗಿನ ತೇವ ಆವಿಯಾಗಿ ಪಾತ್ರೆ ಸಿಡಿಯುತ್ತದೆ. ಹೀಗಾಗಿ ಒಂದೇ ದಿನದ ಕಾರ್ಯಾಗಾರದಲ್ಲಿ ಮಗು ಮಾಡಿದ ಪಾತ್ರೆ ಅಂದೇ ಸುಟ್ಟು ಸಿದ್ಧವಾಗಿ ಮನೆಗೆ ಬರುವುದು ಸಾಧ್ಯವಿಲ್ಲ. ಎರಡು ಮೂರು ವಾರ ಬಿಟ್ಟು ಬಂದು ತೆಗೆದುಕೊಂಡು ಹೋಗಿ ಎನ್ನುವವರು ಸರಿಯಾಗಿ ಕೆಲಸ ಮಾಡುತ್ತಿದ್ದಾರೆ ಎಂದೇ ಅರ್ಥ. ಸುಡುವುದು ಶುಲ್ಕದಲ್ಲಿ ಸೇರಿದೆಯೇ, ಒಡೆದರೆ ಏನು ಮಾಡುತ್ತಾರೆ, ಮಕ್ಕಳಿಗೆ ಆವಿಗೆಯನ್ನು ದೂರದಿಂದಾದರೂ ತೋರಿಸುತ್ತಾರೆಯೇ ಎಂದು ಕೇಳಿ.

ಗಣೇಶ ಚತುರ್ಥಿಗೆ ಮುಂಚಿನ ಮಣ್ಣಿನ ಗಣಪನ ಕಾರ್ಯಾಗಾರಗಳು ಈ ಮಾತಿಗೆ ಅಪವಾದ. ಅಲ್ಲಿ ಸುಡುವ ಪ್ರಶ್ನೆಯೇ ಇಲ್ಲ, ನೀರಿನಲ್ಲಿ ಕರಗಬೇಕಾದ ಮೂರ್ತಿ ಹಸಿಮಣ್ಣಿನದೇ ಆಗಿರಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳ ವಿರುದ್ಧ ಪ್ರಚಾರ ನಡೆಸುತ್ತಾ ಬಂದ ಮೇಲೆ ಇಂಥ ಕಾರ್ಯಾಗಾರಗಳು ಶಾಲೆಗಳಲ್ಲೂ ಅಪಾರ್ಟ್‌ಮೆಂಟುಗಳಲ್ಲೂ ಸಾಮಾನ್ಯವಾಗಿವೆ, ಹಲವು ಉಚಿತವೂ ಆಗಿರುತ್ತವೆ. ಅಚ್ಚಿನಲ್ಲಿ ಮಣ್ಣು ಒತ್ತಿಸಿ ತೆಗೆಯುವುದಕ್ಕಿಂತ, ಸೊಂಡಿಲು ಸೊಟ್ಟಗಾದರೂ ಸರಿ, ಕೈಯಿಂದ ತಿದ್ದಿಸುವ ಕಾರ್ಯಾಗಾರವನ್ನು ಆರಿಸಿಕೊಳ್ಳಿ. ತಾನು ಮಾಡಿದ ಗಣಪನಿಗೆ ಮನೆಯಲ್ಲಿ ಪೂಜೆಯಾಗುವುದನ್ನು ಕಂಡ ಮಗುವಿಗೆ ಆಗುವ ಸಂತೋಷ ದೊಡ್ಡದು.

ಚನ್ನಪಟ್ಟಣದ ಆಟಿಕೆಗಳ ಹೆಸರಿನಲ್ಲೂ ಮಕ್ಕಳಿಗೆ ಕಾರ್ಯಾಗಾರಗಳು ನಡೆಯುತ್ತವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಕಸುಬಿನಲ್ಲಿ ಹಗುರವಾದ ಆಲೆ ಮರದ ತುಂಡನ್ನು ಲೇತಿನ ಮೇಲೆ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ಬರಿಸುತ್ತಾರೆ. ಅಂದರೆ ಬಣ್ಣ ಹಚ್ಚುವುದು ಲೇತಿನಿಂದ ಬೇರ್ಪಟ್ಟ ಕೆಲಸವೇ ಅಲ್ಲ. ಮೊದಲೇ ಕಡೆದಿಟ್ಟ ಮರದ ಗೊಂಬೆಗೆ ಕುಂಚದಿಂದ ಅಕ್ರಿಲಿಕ್ ಬಣ್ಣ ಹಚ್ಚಿಸುವ ತರಗತಿ ಚಿತ್ರಕಲೆಯ ತರಗತಿಯಾಗಬಹುದು, ಚನ್ನಪಟ್ಟಣದ ಕಸುಬನ್ನು ಅದು ಕಲಿಸುವುದಿಲ್ಲ. ವಿದ್ಯುತ್ತಿನಿಂದ ತಿರುಗುವ ಲೇತನ್ನು ಮಕ್ಕಳ ಕೈಗೆ ಕೊಡುವುದಂತೂ ಸಲ್ಲದು. ಆದ್ದರಿಂದ ಈ ಕಸುಬಿನ ಮಟ್ಟಿಗೆ ನನ್ನ ಸಲಹೆ ಬೇರೆ: ಬೆಂಗಳೂರಿನಿಂದ ಮೈಸೂರು ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣಕ್ಕೆ ಮಗುವನ್ನು ಕರೆದುಕೊಂಡು ಹೋಗಿ, ಕುಶಲಕರ್ಮಿಯೊಬ್ಬರ ಅನುಮತಿ ಕೇಳಿ, ಒಂದು ಬುಗುರಿ ಹುಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ಎದುರಿಗೆ ನಿಂತು ನೋಡಿಸಿ, ಅವರ ಸಮಯಕ್ಕೆ ತಕ್ಕ ಹಣ ಕೊಟ್ಟು, ಆ ಬುಗುರಿಯನ್ನೇ ಕೊಂಡು ತನ್ನಿ. ಇಲ್ಲಿ ಮಗುವಿನ ಕೈ ಕೆಲಸ ಮಾಡುವುದಿಲ್ಲ ನಿಜ. ಆದರೆ ಪಳಗಿದ ಕೈ ಹೇಗೆ ಕೆಲಸ ಮಾಡುತ್ತದೆಂದು ನೋಡದ ಮಗುವಿಗೆ ತನ್ನ ಕೈ ಎಲ್ಲಿಯವರೆಗೆ ಹೋಗಬಹುದೆಂಬ ಅಂದಾಜು ಸಿಗುವುದಿಲ್ಲ. ಬೀದರಿನ ಬಿದ್ರಿ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸತು–ತಾಮ್ರದ ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ಯುವುದು, ಉಳಿಯಿಂದ ಕೊರೆದು ಬೆಳ್ಳಿ ಕೂರಿಸುವುದು ನೋಡಿ ಕಲಿಯಬೇಕಾದ ಕೆಲಸಗಳು, ಮಕ್ಕಳ ಶಿಬಿರದಲ್ಲಿ ಮಾಡಿಸುವಂಥವಲ್ಲ.

ಇದಕ್ಕೆ ವಿರುದ್ಧವಾಗಿ ಧಾರವಾಡದ ಕಡೆಯ ಕಸೂತಿ ಮಕ್ಕಳ ಕೈಗೆ ಹೇಳಿ ಮಾಡಿಸಿದ ಕಲೆ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಮೊದಲಿಗೆ ಎಳೆಗಳು ಎದ್ದು ಕಾಣುವ ದಪ್ಪ ನೇಯ್ಗೆಯ ಬಟ್ಟೆಯೂ ಮೊಂಡು ತುದಿಯ ಸೂಜಿಯೂ ಇದ್ದರೆ ಎಂಟೊಂಬತ್ತು ವರ್ಷದ ಮಕ್ಕಳೂ ಗವಂತಿ ಹೊಲಿಗೆಯಿಂದ ಆರಂಭಿಸಬಹುದು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಹೋದ ದಾರಿಯಲ್ಲೇ ಹಿಂತಿರುಗಿ ಬಂದು ನಡುವಿನ ಖಾಲಿ ಜಾಗ ತುಂಬಬೇಕು, ಗಂಟು ಹಾಕುವಂತಿಲ್ಲ, ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿ ಕಾಣಬೇಕು. ಒಂದು ಎಳೆ ಲೆಕ್ಕ ತಪ್ಪಿದರೆ ಗೋಪುರದ ವಿನ್ಯಾಸ ಕೂಡುವುದಿಲ್ಲ, ತಪ್ಪು ಎಲ್ಲಾಯಿತೆಂದು ಮಗುವೇ ಹಿಂದಕ್ಕೆ ಎಣಿಸಿ ಹುಡುಕುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಏಕಾಗ್ರತೆ ಬೇಡುವ ಕಲೆ ಇನ್ನೊಂದಿಲ್ಲ ಎನ್ನುವಷ್ಟು ನನಗೆ ಇದರ ಮೇಲೆ ಅಭಿಮಾನವಿದೆ. ಹತ್ತು ದಿನದ ಶಿಬಿರದಲ್ಲಿ ಒಂದು ಕರವಸ್ತ್ರದ ಮೂಲೆ ಮುಗಿದರೂ ಅದು ಗೆದ್ದ ಹಾಗೆಯೇ.

ಕಾಗದ, ಬಿಸಾಡುವ ಡಬ್ಬಿ, ಐಸ್‌ಕ್ರೀಂ ಕಡ್ಡಿಗಳ ಕರಕುಶಲವನ್ನು ಮನೆಯಲ್ಲೇ ಮಾಡಿಸಬಹುದಾದ್ದರಿಂದ ಅದಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಶಿಬಿರ, ವಾರದ ತರಗತಿ, ಕಾರ್ಯಾಗಾರ, ಕಿಟ್

ಬೇಸಿಗೆ ಶಿಬಿರಗಳಲ್ಲಿ ದಿನಕ್ಕೊಂದು ಹೊಸ ವಿಷಯ ಇರುತ್ತದೆ. ಮಗುವಿಗೆ ಯಾವುದರಲ್ಲಿ ಒಲವಿದೆಯೆಂದು ಇನ್ನೂ ಗೊತ್ತಿಲ್ಲದ ಐದರಿಂದ ಏಳು ವರ್ಷದವರಿಗೆ ಇದು ಒಳ್ಳೆಯದು, ಓರಗೆಯ ಗೆಳೆಯರೂ ಸಿಗುತ್ತಾರೆ. ಎಂಟು ದಾಟಿದ ಮಕ್ಕಳಿಗೆ ಮಾತ್ರ ಒಂದೇ ಕೆಲಸವನ್ನು ಎರಡು ಮೂರು ತಿಂಗಳು ಹಿಡಿದು ಕಲಿಸುವ ವಾರಾಂತ್ಯದ ತರಗತಿ ಹೆಚ್ಚು ಫಲ ಕೊಡುತ್ತದೆ. ಮೊದಲ ಪಾತ್ರೆ ಬಿರುಕು ಬಿಟ್ಟು ಎರಡನೆಯದು ನಿಲ್ಲುವವರೆಗೆ ಮಗು ಆ ಕೆಲಸದ ಜೊತೆ ಇರಬೇಕು, ಒಂದು ದಿನದ ಪರಿಚಯದಲ್ಲಿ ಆ ಅನುಭವ ಸಿಗುವುದಿಲ್ಲ. ಖಾಸಗಿ ಶಿಬಿರಗಳ ಶುಲ್ಕ ಹೊರೆಯೆನಿಸುವವರು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಜವಾಹರ ಬಾಲಭವನದಲ್ಲಿ ವಿಚಾರಿಸಬಹುದು. ಮೈಸೂರಿನವರಿಗೆ ರಂಗಾಯಣದ ಚಿಣ್ಣರ ಮೇಳವಿದೆ. ಅದು ರಂಗಭೂಮಿಯ ಶಿಬಿರವಾದರೂ ಮಕ್ಕಳ ನಾಟಕ ಎಂದಮೇಲೆ ಬಣ್ಣ, ಮುಖವಾಡ, ರಟ್ಟು, ಬಟ್ಟೆಗಳ ಸಹವಾಸ ಇದ್ದೇ ಇರುತ್ತದೆ. ಇಲ್ಲಿ ಸೇರಬಯಸುವವರ ಸಂಖ್ಯೆ ದೊಡ್ಡದಾದ್ದರಿಂದ ರಜೆ ಶುರುವಾಗುವ ಮೊದಲೇ ಅರ್ಜಿಯ ದಿನಾಂಕ ತಿಳಿದುಕೊಂಡಿರಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲೂ ಮಕ್ಕಳ ಬೇಸಿಗೆ ಶಿಬಿರಗಳು ನಡೆದಿವೆ.

ಶಾಲೆಯನ್ನೂ ಮರೆಯಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ನಡುವೆ ಮಕ್ಕಳು ಬ್ಯಾಗಿಲ್ಲದೆ ಹತ್ತು ದಿನ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯಬೇಕೆಂದು ಹೇಳಿದೆ. ಅದಕ್ಕಿಂತ ಎಷ್ಟೋ ಮೊದಲೇ, 1937ರಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಮಂಡಿಸಿದ ನಯೀ ತಾಲೀಮ್ ಕೈಕಸುಬನ್ನೇ ಶಿಕ್ಷಣದ ನಡುವಿಗೆ ತಂದಿತ್ತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಪುಸ್ತಕದಾಚೆ ಒಯ್ಯುವ ಪ್ರಯೋಗ ಮಾಡಿದ್ದರು. ನಿಮ್ಮ ಶಾಲೆಯಲ್ಲಿ ಇಂಥದ್ದು ನಡೆಯುತ್ತಿದ್ದರೆ ಅದೇ ಕಸುಬನ್ನು ಹೊರಗಿನ ತರಗತಿಯಲ್ಲಿ ಮುಂದುವರಿಸುವುದು ಜಾಣತನ.

ಅಂಚೆಯಲ್ಲಿ ಬರುವ ಕರಕುಶಲ ಕಿಟ್‌ಗಳಲ್ಲಿ ಎಲ್ಲವನ್ನೂ ಕತ್ತರಿಸಿ ಇಟ್ಟಿರುತ್ತಾರೆ, ಮಗು ಅಂಟಿಸಿದರೆ ಮುಗಿಯಿತು. ಪ್ರಯಾಣದ ದಿನಕ್ಕೋ ಮಳೆಯ ಮಧ್ಯಾಹ್ನಕ್ಕೋ ಸಾಕು. ಆನ್‌ಲೈನ್ ತರಗತಿ ಸಣ್ಣ ಮಕ್ಕಳಿಗೆ ಹೊಂದುವುದು ಕಡಿಮೆ, ಏಕೆಂದರೆ ಚಾಕು ಹಿಡಿದ ಬೆರಳಿನ ಕೋನವನ್ನು ಪರದೆಯ ಆಚೆಯಿಂದ ಯಾರೂ ತಿದ್ದಲಾರರು. ಹೊರರಾಜ್ಯಗಳಲ್ಲೂ ಹೊರದೇಶಗಳಲ್ಲೂ ನೆಲೆಸಿರುವ ಕನ್ನಡದ ಮನೆಗಳಿಗೆ ಮಾತ್ರ ಇದೊಂದು ದಾರಿಯಾಗಿ ಉಳಿಯುತ್ತದೆ. ಹಣ ಕೊಟ್ಟು ಸೇರುವ ತರಗತಿಗಿಂತ ಊರಿನಲ್ಲಿರುವ ಅಜ್ಜಿಯನ್ನೋ ದೊಡ್ಡಮ್ಮನನ್ನೋ ವಿಡಿಯೊ ಕರೆಯಲ್ಲಿ ಕೂರಿಸಿ, ಈಚೆ ಕಡೆ ತಂದೆಯೋ ತಾಯಿಯೋ ಪಕ್ಕದಲ್ಲಿ ನಿಂತು ಅವಲಕ್ಕಿ ಒಗ್ಗರಣೆಯನ್ನು ಕಲಿಸುವುದು ಅಲ್ಲಿ ಹೆಚ್ಚು ಸಾರ್ಥಕ.

ಮನೆಯ ಅಡುಗೆಮನೆಯನ್ನು ಈ ಹೋಲಿಕೆಯಿಂದ ಹೊರಗಿಡಲು ನನಗೆ ಮನಸ್ಸಿಲ್ಲ. ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಸಿಪ್ಪೆಯಿಂದ ಪುಳಕ್ಕನೆ ಜಾರುತ್ತದೆ. ನಾಲ್ಕು ವರ್ಷದ ಮಗು ಈ ಕೆಲಸವನ್ನು ಅರ್ಧ ಗಂಟೆ ಬೇಸರವಿಲ್ಲದೆ ಮಾಡುತ್ತದೆ. ಬೆರಳುಗಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ, ಸಂಜೆಗೆ ಹಿದುಕಿದ ಬೇಳೆ ಸಾರೂ ಆಗುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ತೆಗೆಯುವುದು ಇವೇ ಸಾಕಷ್ಟು ದೊಡ್ಡ ತರಗತಿ.

ವಯಸ್ಸು ಮತ್ತು ಸುರಕ್ಷತೆ

ಐದು ವರ್ಷದೊಳಗಿನವರ ಗುಂಪಿನಲ್ಲಿ ಇಡೀ ಕಡಲೆಬೀಜ, ಗೋಡಂಬಿ, ಸಣ್ಣ ಮಣಿಗಳು ಇರಲೇಬಾರದು, ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಏಳರಿಂದ ಒಂಬತ್ತರವರೆಗೆ ಮೊಂಡು ಚಾಕುವಿನಲ್ಲಿ ಬಾಳೆಹಣ್ಣು, ಸೌತೆಕಾಯಿ ಹೆಚ್ಚಬಹುದು. ಹತ್ತರ ಮೇಲೆ ಹರಿತವಾದ ಚಾಕುವನ್ನೂ ಒಲೆಯನ್ನೂ ಪಕ್ಕದಲ್ಲಿ ದೊಡ್ಡವರಿದ್ದರೆ ಬಳಸಬಹುದು. ಈಳಿಗೆಮಣೆ, ಮಿಕ್ಸರ್, ಪ್ರೆಶರ್ ಕುಕ್ಕರ್, ಕಾದ ಎಣ್ಣೆ ಇವು ಮಕ್ಕಳ ತರಗತಿಯ ಸಾಮಾನುಗಳಲ್ಲ. ಏಳು ವರ್ಷದೊಳಗಿನವರಿಗೆ ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರು, ಒಲೆಯಿದ್ದರೆ ಪ್ರತಿ ಒಲೆಯ ಬಳಿ ಒಬ್ಬರು ಇರಲೇಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ.

ಕರಕುಶಲದ ಅಪಾಯಗಳು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಕೈಯ ಅಚ್ಚು ತೆಗೆಯಲೆಂದು ಮಗುವಿನ ಕೈಯನ್ನು ಅದರೊಳಗೆ ಅದ್ದಿಸುವುದು ಸುಟ್ಟಗಾಯಕ್ಕೆ ಕಾರಣವಾಗಬಹುದು. ಈಗ ಜನಪ್ರಿಯವಾಗಿರುವ ಎಪಾಕ್ಸಿ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸಬಲ್ಲದು, ಅದನ್ನು ಮಕ್ಕಳಿಂದ ದೂರವಿಡಬೇಕು. ಸಾಬೂನು ತಯಾರಿಕೆಯ ತರಗತಿಯಲ್ಲಿ ಸಿದ್ಧ ಸಾಬೂನಿನ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೋ, ಇಲ್ಲ ಕಾಸ್ಟಿಕ್ ಸೋಡಾ ಬಳಸುತ್ತಾರೋ ಕೇಳಿ; ಎರಡನೆಯದಾದರೆ ಬೇಡ. ಬಿಸಿ ಅಂಟಿನ ಗನ್ ಶಿಕ್ಷಕರ ಕೈಯಲ್ಲಷ್ಟೇ ಇರಲಿ. ಅಡುಗೆ ತರಗತಿಗೆ ಸೇರಿಸುವಾಗ ಕಡಲೆಬೀಜ, ಹಾಲು, ಮೊಟ್ಟೆ, ಗೋಧಿಗಳ ಅಲರ್ಜಿ ಇದ್ದರೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಬೇಕು. ಕೈ ಸುಟ್ಟರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಸುತ್ತೇವೆ ಎಂಬುದು ಸರಿಯುತ್ತರ. ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಎಂದರೆ ಅವರಿಗೆ ತರಬೇತಿ ಆಗಿಲ್ಲ ಎಂದು ತಿಳಿಯಿರಿ. ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯುವವರು ಯಾರು, ಮನೆಗೆ ಕಳಿಸುವಾಗ ಯಾರ ಕೈಗೆ ಒಪ್ಪಿಸುತ್ತಾರೆ, ಮಕ್ಕಳ ಫೋಟೊಗಳನ್ನು ನಮ್ಮ ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಹಾಕುತ್ತಾರೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು.

ಶುಲ್ಕವನ್ನು ಹೋಲಿಸುವ ಬಗೆ

ಒಟ್ಟು ಶುಲ್ಕವನ್ನು ನೋಡಿ ನಿರ್ಧರಿಸಬೇಡಿ. ನೋಂದಣಿ, ಸಾಮಗ್ರಿ, ಏಪ್ರನ್, ಆವಿಗೆಯ ಖರ್ಚು ಎಲ್ಲವನ್ನೂ ಸೇರಿಸಿ, ಬಂದ ಮೊತ್ತವನ್ನು ತರಗತಿಯ ಒಟ್ಟು ಗಂಟೆಗಳಿಂದ ಭಾಗಿಸಿ. ಆಮೇಲೆ ಒಂದು ಸಾಮಗ್ರಿಯನ್ನು ಎಷ್ಟು ಮಕ್ಕಳು ಹಂಚಿಕೊಳ್ಳುತ್ತಾರೆಂದು ನೋಡಿ. ಗಂಟೆಗೆ ಇನ್ನೂರು ರೂಪಾಯಿಯ ತರಗತಿಯಲ್ಲಿ ನಾಲ್ವರಿಗೆ ಒಂದು ತಿಗರಿ ಇದ್ದು, ಗಂಟೆಗೆ ಮುನ್ನೂರರ ತರಗತಿಯಲ್ಲಿ ಇಬ್ಬರಿಗೆ ಒಂದಿದ್ದರೆ, ಮೊದಲನೆಯದರಲ್ಲಿ ಮಗುವಿನ ಕೈಗೆ ಸಿಗುವ ಒಂದು ಗಂಟೆಗೆ ಎಂಟುನೂರು, ಎರಡನೆಯದರಲ್ಲಿ ಆರುನೂರು ಬೀಳುತ್ತದೆ. ಹೀಗೆ ಲೆಕ್ಕ ಹಾಕಿದಾಗ ಅಗ್ಗವೆಂದು ಕಂಡದ್ದು ದುಬಾರಿಯಾಗುವುದು ಅಪರೂಪವಲ್ಲ.

ದುಡ್ಡು ಕಟ್ಟುವ ಮೊದಲು ನಡೆಯುತ್ತಿರುವ ತರಗತಿಯೊಂದನ್ನು ಬಾಗಿಲಲ್ಲಿ ನಿಂತು ಹತ್ತು ನಿಮಿಷ ನೋಡಲು ಅವಕಾಶ ಕೇಳಿ. ಶಿಕ್ಷಕರು ಮಗುವಿನ ಕೈಯಿಂದ ಕುಂಚವನ್ನೋ ಲಟ್ಟಣಿಗೆಯನ್ನೋ ತೆಗೆದುಕೊಂಡು ತಾವೇ ಸರಿಪಡಿಸುತ್ತಿದ್ದಾರೆಯೇ, ಅಥವಾ ಪಕ್ಕದಲ್ಲಿ ಇನ್ನೊಂದನ್ನು ಹಿಡಿದು ತೋರಿಸುತ್ತಿದ್ದಾರೆಯೇ ಎಂಬುದನ್ನು ಮುಖ್ಯವಾಗಿ ಗಮನಿಸಿ. ಎಲ್ಲ ಮಕ್ಕಳ ಮೇಜಿನ ಮೇಲೂ ಒಂದೇ ರೀತಿಯ, ಒಂದೇ ಬಣ್ಣದ, ಅಚ್ಚುಕಟ್ಟಾದ ವಸ್ತು ಕಂಡರೆ ದೊಡ್ಡವರ ಕೈ ಹೆಚ್ಚು ಆಡಿದೆ ಎಂದು ಊಹಿಸಬಹುದು. ಸೇರಿಸಿದ ಮೇಲೆ ಮೊದಲ ಎರಡು ದಿನ ಮಗುವನ್ನು ಏನು ಮಾಡಿದೆ ಎಂದು ಕೇಳುವ ಬದಲು ಹೇಗೆ ಮಾಡಿದೆ, ನನಗೂ ಹೇಳಿಕೊಡು ಎಂದು ಕೇಳಿ. ಹಂತ ಹಂತವಾಗಿ ಹೇಳಿಕೊಟ್ಟರೆ ತರಗತಿ ಚೆನ್ನಾಗಿದೆ. ವಸ್ತುವನ್ನು ತೋರಿಸಿ ಸುಮ್ಮನಾದರೆ 3ನೇ ದಿನ ಶಿಕ್ಷಕರನ್ನು ಕಂಡು ಮಾತನಾಡಿ. ಶುಲ್ಕ ಹಿಂದಿರುಗಿಸುವ ನಿಯಮ ಅನೇಕ ಕಡೆ ಮೊದಲ ಕೆಲವು ದಿನಗಳಿಗೆ ಮಾತ್ರ ಇರುವುದರಿಂದ, ಅದನ್ನು ಸೇರುವಾಗಲೇ ರಸೀದಿಯ ಮೇಲೆ ಬರೆಸಿಕೊಂಡಿರಬೇಕು.